ಸವಳು ನೀರಿಗೆ ಮತ್ತೆ ಉಪ್ಪೇಕೆ

ಶಲವಡಿಯ ರೇವವ್ವನ ಕೈ ನೋಡಿದವರು ಆಕೆ ಹೊಲದಲ್ಲಿ ದುಡಿದ ಹೆಂಗಸು ಎಂದುಕೊಳ್ಳುತ್ತಿದ್ದರು. ಹೊಲಕ್ಕೆ ಆಕೆ ಹೋದದ್ದು ಎಳ್ಳಮಾವಾಸ್ಯೆಗೆ ಪೈರಿಗೆ ಚರಗದ ಎಡೆ ಚೆಲ್ಲಲು ಮಾತ್ರ. ಆ ಕೈಗಳನ್ನು ಆ ಗತಿಗೆ ತಂದದ್ದು ಮುಸುರೆ. ಕುಂದಗೋಳದ ತವರಿನಿಂದ ಮದುವೆಯಾಗಿ ಬಂದ ಮರುದಿನವೇ ಹಿತ್ತಲಿನ ಕಲ್ಲಿನ ಮುಂದೆ ಭಾಂಡೆ ತಿಕ್ಕಲು ಕೂತವಳು, ತಲೆ ನೆರೆತರೂ ಅಲ್ಲಿಂದ ಎದ್ದಿರಲಿಲ್ಲ. ಗಂಡ ಶಂಕ್ರಪ್ಪನದು ಕಾಳಿನ ವ್ಯಾಪಾರ. ಕಡಲೆ, ಹೆಸರು ತಂದ ರೈತರು ಉಣ್ಣದೆ ಹೋಗಬಾರದು ಎಂಬುದು ಅವನ ಅಪ್ಪನ ಕಾಲದ ನೇಮ. ಬಂದವರು ಉಂಡರು, ಢರ್ರನೆ ತೇಗಿದರು, ಶಂಕ್ರಪ್ಪನ ದೊಡ್ಡ ಮನಸ್ಸನ್ನು ಹೊಗಳಿ ಹೋದರು. ತಾಟು ಯಾರು ತಿಕ್ಕಿದರೆಂದು ಒಬ್ಬನಾದರೂ ಕೇಳಿದನೇ? ಯಾಕೆ ಕೇಳುತ್ತಾನೆ, ಮುಂದಿನ ಸಲ ಬಂದಾಗ ತೊಳೆದ ತಾಟು ಅವನ ಮುಂದೆ ಇದ್ದೇ ಇತ್ತು.

ಶಲವಡಿಯಲ್ಲಿ ನೀರು ಎರಡು ಬಗೆಯದು. ಕೆರೆಯ ಸಿಹಿನೀರು ನಳಕ್ಕೆ ಬರುವುದು ಎಂಟು ದಿನಕ್ಕೊಮ್ಮೆ, ಕೆಲವು ಸಲ ಅದಕ್ಕೂ ತಡ. ಅದು ಕುಡಿಯಲು, ಅಡಿಗೆಗೆ, ಪೂಜೆಗೆ. ಅದನ್ನು ಮುಸುರೆಗೆ ಸುರಿದರೆ ಮನೆಯಲ್ಲಿ ದೊಡ್ಡ ರಾಮಾಯಣ. ಉಳಿದದ್ದಕ್ಕೆಲ್ಲ ಬೋರಿನ ಸವಳು ನೀರು. ನಾಲಿಗೆಗೆ ಇಟ್ಟರೆ ಉಪ್ಪು, ತಲೆಗೆ ಸುರಿದುಕೊಂಡರೆ ಕೂದಲು ಅಂಟುಗಟ್ಟುತ್ತದೆ, ಬೇಳೆ ಹಾಕಿದರೆ ಬೇಯುವುದಿಲ್ಲ, ಸಾಬೂನಿಗೆ ನೊರೆಯೇ ಏಳುವುದಿಲ್ಲ. ನೊರೆ ಏಳದಿದ್ದರೆ ಇನ್ನಷ್ಟು ಸಾಬೂನು, ಇನ್ನಷ್ಟು ತಂತಿಯ ಗುಂಜು, ಇನ್ನಷ್ಟು ತಿಕ್ಕಾಟ. ರೇವವ್ವ ಮೊದಲು ಬೂದಿಯಲ್ಲಿ ತಿಕ್ಕಿದಳು, ಆಮೇಲೆ ಹುಣಸೆಹಣ್ಣಿನಲ್ಲಿ, ಆಮೇಲೆ ಪೇಟೆಯ ಸಾಬೂನಿನಲ್ಲಿ. ನೀರು ಮಾತ್ರ ಬದಲಾಗಲಿಲ್ಲ. ಐವತ್ತರ ಸುಮಾರಿಗೆ ಅಂಗೈ ಬಿರಿಯತೊಡಗಿತು. ಬೇಸಿಗೆಯಲ್ಲಿ ಆ ಕಡೆಯ ಎರೆಹೊಲ ಬಾಯಿ ಬಿಡುತ್ತದಲ್ಲ, ಹಾಗೆ. ಮೊದಲು ತುರಿಕೆ, ಆಮೇಲೆ ಸೀಳು, ಆಮೇಲೆ ಸೀಳಿನೊಳಗಿಂದ ರಕ್ತ.

ರೊಟ್ಟಿ ಬಡಿಯುವಾಗ ಉರಿದರೆ ಆಕೆ ತಡೆದುಕೊಂಡಳು. ಮೆಣಸಿನಕಾಯಿ ಮುಟ್ಟಿದಾಗ ಕಣ್ಣಲ್ಲಿ ನೀರು ಬಂದರೆ ಸೆರಗಿನಲ್ಲಿ ಒರೆಸಿಕೊಂಡಳು. ತಡೆಯಲಾಗದ್ದು ಒಂದೇ, ಮುಂಜಾನೆಯ ಪೂಜೆ. ಕೈಯಲ್ಲಿ ಹಿಡಿಯುವುದು ಆಕೆ ಕೂಸಾಗಿದ್ದಾಗ ಮಠದ ಅಯ್ಯನವರು ಕಟ್ಟಿದ ಇಷ್ಟಲಿಂಗ. ತವರಿನ ಅರಿಷಿಣ, ಅಪ್ಪನ ದನಿ, ಅವ್ವನ ಮುಖ ಎಲ್ಲ ಹೋದ ಮೇಲೂ ಆಕೆಯ ಜತೆ ಉಳಿದದ್ದು ಅದೊಂದೇ. ದಿನವೂ ಮಿಂದು, ವಿಭೂತಿ ಹಚ್ಚಿಕೊಂಡು, ಬೆಳ್ಳಿಯ ಕರಡಿಗೆ ಬಿಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಬಲಗೈಯಿಂದ ನೀರೆರೆದು ಪತ್ರಿ ಏರಿಸಿ ಅದನ್ನೇ ನೋಡುತ್ತ ಕೂಡುವಳು. ಆ ಹೊತ್ತು ಆಕೆ ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ. ಇಡೀ ದಿನದಲ್ಲಿ ಆಕೆಯ ಕೈ ಆಕೆಯದಾಗಿ ಇರುತ್ತಿದ್ದದ್ದು ಅಷ್ಟು ಹೊತ್ತು.

ಒಂದು ದಿನ ಲಿಂಗದ ಮೇಲೆ ಎರೆದ ನೀರು ಕೆಂಪಾಗಿ ಹರಿಯಿತು. ರೇವವ್ವ ಎದೆ ಬಡಿದುಕೊಂಡಳು. ಅಂದಿನಿಂದ ಅಂಗೈಯಲ್ಲಿ ಹಿಡಿಯುವುದನ್ನು ಬಿಟ್ಟು ಮಣೆಯ ಮೇಲೆ ಮಡಿಬಟ್ಟೆ ಹಾಸಿ ಅದರ ಮೇಲಿಟ್ಟು ಪೂಜೆ ಮಾಡಿದಳು. ಪೂಜೆ ಆಯಿತು, ಸಮಾಧಾನ ಆಗಲಿಲ್ಲ. ಬಾಜು ಮನೆಯ ಮೆಹರುನಬಿಯ ಮುಂದೆ, ಕೂಸನ್ನು ಮಡಿಲಿನಿಂದ ಇಳಿಸಿ ನೆಲದ ಮೇಲೆ ಮಲಗಿಸಿದ ಹಾಗೆ ಆಗುತ್ತದೆ ಎಂದು ಹೇಳಿಕೊಂಡು ಅತ್ತಳು.

ಮಗ ಪ್ರಭು ಹುಬ್ಬಳ್ಳಿಯ ಚರ್ಮದ ಡಾಕ್ಟರರ ಬಳಿ ಕರೆದೊಯ್ದ. ಡಾಕ್ಟರು ಅಂಗೈ ತಿರುವಿ ನೋಡಿ, ಮುಲಾಮು ಬರೆದುಕೊಟ್ಟು, ಮುಲಾಮಿಗಿಂತ ಮುಖ್ಯ ಮಾತೊಂದು ಹೇಳಿದರು. ಆರು ತಿಂಗಳು ಸಾಬೂನಿನ ನೀರಿನಲ್ಲಿ ಕೈ ಅದ್ದಬಾರದು. ಅದ್ದದಿದ್ದರೆ ಚರ್ಮ ತಾನೇ ಕೂಡಿಕೊಳ್ಳುತ್ತದೆ, ಅದ್ದಿದರೆ ಒಂದಲ್ಲ ಒಂದು ದಿನ ಸೀಳಿನೊಳಗೆ ಕೀವು ಸೇರಿ ಕೈಗೇ ಸಂಚಕಾರ ಬರುತ್ತದೆ. ಮೈಯಲ್ಲಿ ಸಕ್ಕರೆ ಬೇರೆ ಇದೆ, ಹುಷಾರು ಎಂದರು. ರಬ್ಬರಿನ ಕೈಗವಸು ಹಾಕಿ ನೋಡಿದ್ದಾಯಿತು. ಅದರೊಳಗೆ ಬೆವೆತು ಕೈ ಇನ್ನಷ್ಟು ಉರಿದು, ಎರಡೇ ದಿನಕ್ಕೆ ಕಿತ್ತೊಗೆದಳು.

ಹಾಗಾದರೆ ಮುಸುರೆ ಯಾರು ತಿಕ್ಕಬೇಕು? ಉಂಡ ತಾಟು ಹೊರಗಿನವರ ಕೈಗೆ ಹೋಗಬಾರದು ಎಂದು ಶಂಕ್ರಪ್ಪನ ಹಟ. ಸೊಸೆ ಶಾಂಭವಿ ಅಣ್ಣಿಗೇರಿಯ ಸಾಲೆಯಲ್ಲಿ ಅತಿಥಿ ಶಿಕ್ಷಕಿ, ಮುಂಜಾನೆ ಬಸ್ಸಿಗೆ ಹೋಗುವವಳು. ಪಾಪ, ಬೆಳಕು ಹರಿಯುವ ಮೊದಲೇ ಎದ್ದು ತಿಕ್ಕಿದಳು, ಬಸ್ಸು ತಪ್ಪಿಸಿಕೊಂಡಳು, ಹೆಡ್‌ಮಾಸ್ತರರ ಬಾಯಿಗೆ ಬಿದ್ದಳು. ಕೊನೆಗೆ ಒಂದು ಸಂಜೆ, ಸಾಲೆ ಬಿಟ್ಟೇಬಿಡುತ್ತೇನೆ ಎಂದಳು. ರೇವವ್ವ ಒಪ್ಪಲಿಲ್ಲ. ತನ್ನ ಜೀವ ಸವೆದ ಕಲ್ಲಿನ ಮುಂದೆ ಈ ಹುಡುಗಿಯನ್ನೂ ಕೂಡಿಸಬೇಕೇ? ಇನ್ನು, ಮನೆಯಲ್ಲಿ ಇಬ್ಬರು ಗಂಡಸರಿದ್ದರಲ್ಲ, ಅವರ ಕೈಗೆ ಏನಾಗಿತ್ತು ಎಂದು ನೀವು ಕೇಳಬಹುದು. ಕೇಳಿರಿ. ಆ ಮನೆಯಲ್ಲಿ ಯಾರೂ ಕೇಳಲಿಲ್ಲ, ರೇವವ್ವ ಕೂಡ ಕೇಳಲಿಲ್ಲ.

ಪ್ರಭು ಕೈಯಿಂದ ತಿಕ್ಕಲಿಲ್ಲ, ಕಿಸೆಯಿಂದ ತಿಕ್ಕಿದ. ಸಂಕ್ರಾಂತಿ ಮುಗಿದ ವಾರಕ್ಕೆ ಹುಬ್ಬಳ್ಳಿಯಿಂದ ಟಾಟಾ ಗಾಡಿಯಲ್ಲಿ ಭಾಂಡೆ ತೊಳೆಯುವ ಮಶೀನು ಬಂದಿಳಿಯಿತು. ಓಣಿಯೇ ನೋಡಲು ನೆರೆಯಿತು. ಶಂಕ್ರಪ್ಪ ಮಾತ್ರ ಕಟ್ಟೆಯಿಂದ ಏಳಲಿಲ್ಲ. ಊರಲ್ಲಿ ನೀರಿಗೆ ಬಡಿದಾಟ ನಡೆದಾಗ ಭಾಂಡೆಗೊಂದು ಜಳಕದ ಮನೆ ಬಂತು ಎಂದು ಕುಹಕವಾಡಿದ. ಜೋಡಿಸಲು ಬಂದ ತರುಣ ಬೋರಿನ ಟಾಕಿಯ ಪೈಪಿಗೆ ಅದನ್ನು ಕೂಡಿಸಿ, ಪುಡಿ ಎಲ್ಲಿ ಹಾಕಬೇಕು, ತಾಟು ಹೇಗೆ ನಿಲ್ಲಿಸಬೇಕು ಎಂದು ಗಡಿಬಿಡಿಯಲ್ಲಿ ತೋರಿಸಿದ. ಆಮೇಲೆ ತಳದಲ್ಲಿದ್ದ ಒಂದು ಮುಚ್ಚಳ ತಿರುವಿ, ಒಳಗೆ ಒಂದು ದೊಡ್ಡ ಪಾಕೀಟು ಹರಳುಪ್ಪು ಸುರಿದ. ಇಲ್ಲೊಂದು ದೀಪವಿದೆ, ಇದು ಉಪ್ಪಿನ ದೀಪ ಎಂದ.

ರೇವವ್ವನಿಗೆ ನಗು ಬಂತು.

"ಯಪ್ಪಾ, ನಮ್ಮ ನೀರ ಉಪ್ಪ ಐತಿ. ಉಪ್ಪಿನ ನೀರಿಗೆ ಮತ್ತ ಉಪ್ಪ ಯಾಕ?"

ಅವನು ಇನ್ನೂ ಎರಡು ಊರಿಗೆ ಹೋಗಬೇಕಾಗಿತ್ತು. "ಹಾಕಬೇಕ್ರಿ ಅವ್ವಾರ, ಅದು ಹಂಗ ಐತಿ," ಎಂದು ಗಾಡಿ ಹತ್ತಿದ. ಬೋರಿನ ನೀರಿನಲ್ಲಿರುವ ಸುಣ್ಣವನ್ನು ಹಿಡಿದಿಡಲು ಮಶೀನಿಗೆ ಆ ಉಪ್ಪು ಬೇಕು, ನೀರು ಎಷ್ಟು ಸವಳೋ ಅಷ್ಟು ಹೆಚ್ಚು ಬೇಕು, ಅದು ತೀರಿದ ಹಾಗೆ ತುಂಬುತ್ತಿರಬೇಕು. ಇಷ್ಟನ್ನು ಬಿಡಿಸಿ ಹೇಳಲು ಎಷ್ಟು ಹೊತ್ತು ಬೇಕಿತ್ತು? ಒಂದು ಕಪ್ಪು ಚಹಾ ಕುಡಿಯುವಷ್ಟು. ಚಹಾ ಕುಡಿದ, ಹೇಳಲಿಲ್ಲ. ಹೊಸ ಟ್ರ್ಯಾಕ್ಟರಿನ ಗಾಲಿಗೆ ಲಿಂಬೆಹಣ್ಣು ಇಡುವಂತೆ ಇದೂ ಮೊದಲ ದಿನದ ಶಾಸ್ತ್ರವಿರಬೇಕು ಎಂದು ರೇವವ್ವ ತಿಳಿದುಕೊಂಡಳು. ಆಕೆಯ ತಿಳಿವಳಿಕೆಯಲ್ಲಿ ಏನು ತಪ್ಪಿತ್ತು ಹೇಳಿ. ಉಪ್ಪಿನ ನೆಲದಲ್ಲಿ ಬಾಳಿದವಳಿಗೆ ಉಪ್ಪು ಸಾಲದು ಎಂಬ ಮಾತು ಹೊಳೆಯುವುದಾದರೂ ಹೇಗೆ?

ಮೊದಲ ದಿನಗಳು ಬಂಗಾರದಂಥವು. ಬಾಗಿಲು ಹಾಕಿ ಗುಂಡಿ ಒತ್ತಿದರೆ ಒಳಗೆ ಮಳೆ ಬಿದ್ದ ಸದ್ದು. ರೇವವ್ವ ಸ್ಟೂಲು ಹಾಕಿಕೊಂಡು ಅದರ ಮುಂದೆಯೇ ಕೂಡುವಳು. ತೆಗೆದಾಗ ತಾಟು, ವಾಟಿ, ಗಾಜಿನ ಗ್ಲಾಸು ಲಕಲಕ. ಎಲ್ಲಕ್ಕಿಂತ ಸೋಜಿಗ ನೀರಿನದು. ಕೈಯಿಂದ ತಿಕ್ಕಿದರೆ ಬಕೀಟುಗಟ್ಟಲೆ ಹೋಗುತ್ತಿತ್ತು. ಈ ಮಶೀನು ಬಚ್ಚಲಿಗೆ ಬಿಟ್ಟ ನೀರನ್ನು ಶಾಂಭವಿ ಒಮ್ಮೆ ಬಕೀಟಿನಲ್ಲಿ ಹಿಡಿದು ನೋಡಿದಳು. ಒಂದೇ ಬಕೀಟಿನಲ್ಲಿ ಇಡೀ ಮನೆಯ ಮುಸುರೆ ತೊಳೆದಾಗಿತ್ತು. ಶಂಕ್ರಪ್ಪನೂ ಬಂದು ಆ ಬಕೀಟು ನೋಡಿದ, ಮಾತಾಡದೆ ಹೋದ. ಅವನು ಮಾತಾಡದೆ ಹೋದದ್ದೇ ಒಂದು ಗೆಲುವು ಎಂದು ಅತ್ತೆ ಸೊಸೆ ನಕ್ಕರು.

ಕೈಯೂ ಕೂಡಿಕೊಳ್ಳುತ್ತ ಬಂತು. ಮೊದಲು ಬೆರಳ ಸಂದು, ಆಮೇಲೆ ಅಂಗೈಯ ದೊಡ್ಡ ಸೀಳು. ಶಿವರಾತ್ರಿಯ ಮುಂಜಾನೆ ರೇವವ್ವ ಮಣೆಯ ಮೇಲಿನ ಬಟ್ಟೆ ತೆಗೆದಿಟ್ಟು, ಎಡಗೈ ಚಾಚಿ, ಲಿಂಗವನ್ನು ಅದರಲ್ಲಿ ಇಟ್ಟುಕೊಂಡಳು. ನೀರೆರೆದಳು. ಉರಿಯಲಿಲ್ಲ. ಕೆಂಪಾಗಲಿಲ್ಲ. ತಣ್ಣಗಿನ ಲಿಂಗದ ಭಾರ ಅಂಗೈಯಲ್ಲಿ ಕೂತಿತ್ತು. ಆಕೆ ಎಷ್ಟು ಹೊತ್ತಾದರೂ ಏಳದಿದ್ದಾಗ ಶಾಂಭವಿ ಬಂದು ಇಣುಕಿದಳು. ಅತ್ತೆ ಅಳುತ್ತಿದ್ದಳು, ಸಂತೋಷಕ್ಕೆ. ಆ ಮನೆಯಲ್ಲಿ ಆಕೆ ಸಂತೋಷಕ್ಕೆ ಅತ್ತದ್ದನ್ನು ಸೊಸೆ ಅದೇ ಮೊದಲು ಕಂಡದ್ದು.

ಯುಗಾದಿಗೆ ಇನ್ನೂ ದಿನಗಳಿದ್ದವು, ಆ ದೀಪ ಹತ್ತಿತು. ಉಪ್ಪಿನ ದೀಪ. ರೇವವ್ವ ನೋಡಿದಳು, ಹೆದರಲಿಲ್ಲ. ಹಿಂದಿನ ವರ್ಷ ನೀರಿನ ಫಿಲ್ಟರ್ ಮಾರುವವರು ಓಣಿಗೆ ಬಂದು, ಕೊಡದ ನೀರಿನಲ್ಲಿ ಎರಡು ಕಡ್ಡಿ ಅದ್ದಿ, ಕೆಂಪು ದೀಪ ಹತ್ತಿಸಿ, ನಿಮ್ಮ ನೀರಿನಲ್ಲಿ ಉಪ್ಪು ಬಹಳ ಇದೆ ಎಂದು ತೋರಿಸಿ ಹೋಗಿದ್ದರು. ಇದೂ ಅಂಥದೇ. ನೀರಿನ ರುಚಿ ಮಶೀನಿಗೂ ಗೊತ್ತಾಯಿತು, ಅದಕ್ಕೇ ಹೇಳುತ್ತಿದೆ. ಶಾಂಭವಿ ಒಮ್ಮೆ, ಇದೇನು ದೀಪ ಎಂದು ಕೇಳಿದಾಗ, ನೀರು ಸವಳು ಎಂದು ಹೇಳುತ್ತದೆ ನೋಡು, ಬಲು ಶಾಣ್ಯಾ ಮಶೀನು ಎಂದು ರೇವವ್ವ ಅಭಿಮಾನದಿಂದ ವಿವರಿಸಿದಳು. ಬಸ್ಸಿನ ಹೊತ್ತಾಗಿತ್ತು. ಹುಡುಗಿ ಹೌದೆಂದು ನಂಬಿ ಓಡಿದಳು.

ಮರುವಾರದಿಂದ ಗ್ಲಾಸುಗಳು ಮಬ್ಬಾದವು. ತಾಟಿನ ಮೇಲೆ ಬಿಳಿ ಬಿಳಿ ಪೊರೆ, ಬೆರಳಾಡಿಸಿದರೆ ಸುಣ್ಣ ಬಳಿದ ಗೋಡೆಯ ಹಾಗೆ ಜರಜರ. ರೇವವ್ವ ತಲೆಗೆ ಕೈ ಹಚ್ಚಿ ಯೋಚಿಸಿದಳು. ಆಕೆಯ ಮಟ್ಟಿಗೆ ಕಾರಣ ಸಿಕ್ಕಿತು. ಇಷ್ಟೇ ಇಷ್ಟು ನೀರಿನಲ್ಲಿ ತೊಳೆದರೆ ಇನ್ನೇನಾದೀತು? ಆ ಪುಡಿ ತೊಳೆದು ಹೋಗಲು ನೀರು ಸಾಲುತ್ತಿಲ್ಲ. ಮೊದಲು ಸಣ್ಣ ಸುತ್ತಿನಲ್ಲಿ ತೊಳೆಯುತ್ತಿದ್ದವಳು ದೊಡ್ಡ ಸುತ್ತು ಒತ್ತಿದಳು. ಅದು ನೀರನ್ನು ಸುಡುಸುಡು ಕಾಸಿ ಗಂಟೆಗಟ್ಟಲೆ ತಿರುಗುವ ಸುತ್ತು. ಸವಳು ನೀರು ಕಾದಷ್ಟೂ ಸುಣ್ಣ ಬಿಡುತ್ತದೆ. ಹಂಡೆಯ ಒಳಗೆ ಪದರುಗಟ್ಟಿದ್ದನ್ನು ಆಕೆಯೇ ಎಷ್ಟು ಸಲ ಕೆರೆದು ತೆಗೆದಿರಲಿಲ್ಲ! ಆದರೆ ಹಂಡೆ ಹಂಡೆಯೇ, ಮಶೀನು ಮಶೀನೇ. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ಆ ಗಳಿಗೆಯಲ್ಲಿ ಬರಲಿಲ್ಲ. ಬಿಳುಪು ಹೋಗದಿದ್ದರೆ ಇನ್ನೊಂದು ದೊಡ್ಡ ಸುತ್ತು, ಅದಕ್ಕೂ ಹೋಗದಿದ್ದರೆ ಪುಡಿ ಇಮ್ಮಡಿ. ನಡುವೆ ಕರೆಂಟು ಹೋದರೆ ಪುಡಿ ಕರಗದೆ ತಾಟಿಗೆ ಮೆತ್ತಿಕೊಂಡೇ ಉಳಿಯುತ್ತಿತ್ತು.

ಶಂಕ್ರಪ್ಪನಿಗೆ ಒಂದು ರೂಢಿ. ಉಂಡಾದ ಮೇಲೆ ತಾಟಿಗೆ ನೀರು ಹಾಕಿ, ಅಂಟಿದ ಒಂದು ಅಗುಳನ್ನೂ ಬಿಡದೆ ಬೆರಳಿನಿಂದ ತೊಳೆದು, ಆ ನೀರು ಕುಡಿಯುವನು. ಪ್ರಸಾದ ಕೆಡಬಾರದು ಎಂದು ಹಿರಿಯರು ಹಾಕಿಕೊಟ್ಟ ಪದ್ಧತಿ, ಒಳ್ಳೆಯ ಪದ್ಧತಿಯೇ. ತೊಳೆದು ಕುಡಿದ ಆ ತಾಟಿಗೆ ಇನ್ನೊಂದು ತಂಬಿಗೆ ನೀರು ಹಾಕಿ ಮಗುಚಿ ಇಡುವುದು ಮಾತ್ರ ಅವನಿಂದ ಒಂದು ದಿನವೂ ಆಗಲಿಲ್ಲ, ಅದಿರಲಿ. ಒಂದು ಮಧ್ಯಾಹ್ನ ಹಾಗೆ ಕುಡಿದವನು ಥೂ ಎಂದು ಉಗುಳಿದ. ಬಾಯಿಯೆಲ್ಲ ಪುಡಿಯ ಕಹಿ.

"ಇಷ್ಟ ದಿನಾ ಪ್ರಸಾದ ಕುಡೀತಿದ್ದೆ, ಈಗ ಸಾಬೂನ ಕುಡಸಾಕತ್ತೀರಿ," ಎಂದ. "ಇನ್ನೊಮ್ಮೆ ಹಿಂಗಾದ್ರ ಈ ಡಬ್ಬಿ ಗುಜರಿಗೆ ಹೋಗತೈತಿ. ಶಾಂಭವಿ ಸಾಲಿ ಬಿಟ್ಟು ಮನ್ಯಾಗ ಕುಂಡ್ರಲಿ."

ಶಾಂಭವಿ ಊರಲ್ಲಿರಲಿಲ್ಲ, ಕೇಳಿಸಿಕೊಂಡದ್ದು ರೇವವ್ವ ಒಬ್ಬಳೇ. ಅದನ್ನು ಆಕೆ ಯಾರಿಗೂ ಹೇಳಲಿಲ್ಲ. ಮರುದಿನ ಮನೆಯವರೆಲ್ಲ ಹೊರಬಿದ್ದ ಮೇಲೆ, ಮಶೀನು ತೊಳೆದಿಟ್ಟ ಭಾಂಡೆಗಳನ್ನು ಬುಟ್ಟಿಗೆ ತುಂಬಿಕೊಂಡು ಹಿತ್ತಲಿಗೆ ಹೋದಳು. ಹಳೆಯ ಕಲ್ಲಿನ ಮುಂದೆ ಕೂತಳು. ಹುಣಸೆಹಣ್ಣು ನೆನೆಸಿ, ತಂತಿಯ ಗುಂಜು ಹಿಡಿದು ತಿಕ್ಕಿದಳು. ಅನ್ನದ ಅಗುಳಾದರೆ ನೆನೆದು ಬಿಡುತ್ತದೆ. ಸುಟ್ಟು ಕೂತ ಸುಣ್ಣ ಬಿಡುವುದಿಲ್ಲ. ಮಶೀನಿಲ್ಲದ ಕಾಲಕ್ಕಿಂತ ಎರಡು ಪಟ್ಟು ತಿಕ್ಕಬೇಕಾಯಿತು, ಎರಡು ಪಟ್ಟು ನೀರು ಹೋಯಿತು. ಕೂಡಿಕೊಂಡಿದ್ದ ಸೀಳು ಮತ್ತೆ ಬಾಯಿ ಬಿಟ್ಟಿತು. ತಾಟಿಗಂಟಿದ ಆ ಪುಡಿ ಅದರೊಳಗೆ ಇಳಿದರೆ ಮಿದುಳಿನವರೆಗೂ ಉರಿ. ಆಮೇಲೆ ಎಲ್ಲ ಒರೆಸಿ, ಮತ್ತೆ ಮಶೀನಿನೊಳಗೆ ಸಾಲಾಗಿ ಹೊಂದಿಸಿ ಇಟ್ಟಳು. ಸಂಜೆ ಶಾಂಭವಿ ಬಾಗಿಲು ತೆಗೆದು, ಎಷ್ಟು ಚಂದ ಹೊಳೀತಾವ ನೋಡ್ರಿ ಅತ್ತ್ಯಾರ ಎಂದಳು. ರೇವವ್ವ ನಕ್ಕಳು.

ಹೀಗೇ ನಡೆಯಿತು, ದಿನಾ. ಮುಚ್ಚಿಡುವುದು ಆಕೆಗೆ ಕಷ್ಟವಾಗಲಿಲ್ಲ. ಅಂಗೈ ನೋಡುವವರು ಯಾರು? ಕೇಳಿದರೆ ಅರಿಷಿಣ ಹಚ್ಚಿಕೊಂಡೆ ಎನ್ನುವಳು, ಮುಲಾಮು ಹಚ್ಚಿ ಬಟ್ಟೆ ಸುತ್ತಿದ್ದೇನೆ ಎನ್ನುವಳು. ಪೂಜೆ ಮಾತ್ರ ಮತ್ತೆ ಮಣೆಗೆ ಇಳಿಯಿತು, ಅದೂ ಬಾಗಿಲು ಹಾಕಿಕೊಂಡು. ಹೊರಗಿನವರಿಗೆ ಆಕೆ ಅಂಗೈಯಲ್ಲಿ ಶಿವನನ್ನು ಹಿಡಿದವಳು, ಒಳಗೆ ಆಕೆಗೆ ಗೊತ್ತು. ದೇವರ ಮುಂದೆಯೂ ಸುಳ್ಳು ಹೇಳುವ ಗತಿ ಬಂತಲ್ಲ ಎಂದು ಕೊರಗಿದಳು. ಆದರೂ ಎದುರಿಗೆ ಸೊಸೆ ಬ್ಯಾಗು ಹೆಗಲಿಗೇರಿಸಿ ಸರಸರ ಹೋಗುವುದನ್ನು ಕಂಡರೆ, ಇನ್ನೊಂದು ದಿನ ನಡೆಯಲಿ ಎನಿಸುತ್ತಿತ್ತು.

ಗುಟ್ಟು ಗೊತ್ತಿದ್ದದ್ದು ಮೆಹರುನಬಿಗೆ ಮಾತ್ರ. ಹಿತ್ತಲಿನ ಗೋಡೆ ಮೊಣಕೈ ಊರುವಷ್ಟೇ ಎತ್ತರ. ಆಕೆ ಮೊದಲ ವಾರವೇ ನೋಡಿ, ಬಾಯಿಗೆ ಬಂದಂತೆ ಬೈದಳು. ಸೊಸೆಗೆ ಹೇಳು, ಮಗನಿಗೆ ಹೇಳು, ಹೇಳದಿದ್ದರೆ ನಾನೇ ಹೇಳುತ್ತೇನೆ ಎಂದಳು. ರೇವವ್ವ ಗೋಡೆಯ ಮೇಲಿಂದ ಆಕೆಯ ಕೈ ಹಿಡಿದು ಆಣೆ ಹಾಕಿಸಿಕೊಂಡಳು. ಗೆಳತಿಯ ಆಣೆ ಮುರಿಯುವುದು ದೊಡ್ಡ ಪಾಪ ಎಂದು ಮೆಹರುನಬಿ ಬಾಯಿ ಮುಚ್ಚಿಕೊಂಡಳು. ಮುಂದೆ ತನ್ನನ್ನು ತಾನು ಎಷ್ಟು ಶಪಿಸಿಕೊಂಡಳೋ ಲೆಕ್ಕವಿಲ್ಲ.

ಕಾರಹುಣ್ಣಿಮೆಯ ಆಸುಪಾಸಿನಲ್ಲಿ ಗುಂಜಿನ ಒಂದು ತಂತಿಯ ಎಳೆ ಎಡ ಅಂಗೈಯ ಸೀಳಿನೊಳಗೆ ಮುರಿದು ಉಳಿಯಿತು. ಆಕೆ ಸೂಜಿಯಿಂದ ಕೆದಕಿ ತೆಗೆದಳೆಂದುಕೊಂಡಳು. ಎರಡು ದಿನ ಚಳುಕು, ಮೂರನೆಯ ದಿನ ಅಂಗೈ ಉಬ್ಬಿ ಹೊಳೆಯಿತು, ಬೆರಳು ಬಾಗಿದವು, ಚಾಚಲು ಹೋದರೆ ಪ್ರಾಣ ಹೋದಂಥ ನೋವು. ಆಗಲೂ ಬಲಗೈಯೊಂದರಿಂದಲೇ ಭಾಂಡೆ ತಿಕ್ಕುತ್ತ ಕೂತಿದ್ದಳು. ಗೋಡೆಯಾಚೆಯಿಂದ ನೋಡಿದ ಮೆಹರುನಬಿ ಈ ಸಲ ಆಣೆಯನ್ನು ಅಲ್ಲಾನ ಮೇಲೆ ಬಿಟ್ಟು, ನೆಟ್ಟಗೆ ಶಂಕ್ರಪ್ಪನ ಅಂಗಡಿಗೆ ನಡೆದಳು.

"ಕಾಕಾ, ನಿಮ್ಮ ಮನಿಯಾಕಿ ಕೈ ಕೊಳ್ಯಾಕತ್ತೈತಿ. ತಕ್ಕಡಿ ಬಿಟ್ಟು ಏಳ್ರಿ," ಎಂದಳು.

ಹುಬ್ಬಳ್ಳಿಯ ದವಾಖಾನೆಯಲ್ಲಿ ಅಂದೇ ಅಂಗೈ ಕೊಯ್ದು ಕೀವು ತೆಗೆದರು. ಕೀವು ಅಂಗೈಯಿಂದ ಬೆರಳಿನ ನರಗಳ ಗುಂಟ ಹರಿದಿತ್ತು. ಎರಡು ವಾರದಲ್ಲಿ ಎರಡು ಸಲ ಮತ್ತೆ ಕೊಯ್ದರು. ಡಾಕ್ಟರು ಪ್ರಭುವನ್ನು ಹೊರಗೆ ಕರೆದು, ಕೈ ಉಳಿಯಿತು, ಅದೇ ದೊಡ್ಡದು ಎಂದರು. ಬೆರಳು ಇನ್ನು ಪೂರಾ ಬಿಚ್ಚುವುದಿಲ್ಲ. ವ್ಯಾಯಾಮ ಮಾಡಿಸಿರಿ, ತುಸು ಬಂದರೂ ಬಂದೀತು, ಆಸೆ ಇಟ್ಟುಕೊಳ್ಳಬೇಡಿ. ರೇವವ್ವ ವ್ಯಾಯಾಮ ಮಾಡಿದಳು, ಕಿರುಚಿಕೊಂಡು ಮಾಡಿದಳು. ಶ್ರಾವಣ ಬಂದರೂ ಬೆರಳು ಬಿಚ್ಚಲಿಲ್ಲ. ನಾಲ್ಕೂ ಬೆರಳು ಒಳಕ್ಕೆ ಮಡಚಿ, ಅಂಗೈ ಗಾಯದ ಗಂಟಾಗಿ ಮುಚ್ಚಿಕೊಂಡು ಕೂತಿತು.

ಆಕೆ ದವಾಖಾನೆಯಿಂದ ಮನೆಗೆ ಬಂದ ದಿನ ಶಾಂಭವಿ ಚಹಾ ಕೊಟ್ಟಳು, ಗಾಜಿನ ಗ್ಲಾಸಿನಲ್ಲಿ. ಗ್ಲಾಸು ಆರಪಾರ ಕಾಣುವಷ್ಟು ತಿಳಿಯಾಗಿತ್ತು. ರೇವವ್ವ ಬಲಗೈಯಲ್ಲಿ ಅದನ್ನು ತಿರುವಿ ತಿರುವಿ ನೋಡಿ, ಯಾರು ತಿಕ್ಕಿದರು ಎಂದು ಕೇಳಿದಳು. ಮಶೀನು ಎಂದಳು ಶಾಂಭವಿ. ಹುಡುಗಿಗೆ ಮುಚ್ಚಿಡಲು ಬರುವುದಿಲ್ಲ. ಅತ್ತೆ ದವಾಖಾನೆಯಲ್ಲಿದ್ದಾಗ ತಾನೇ ಭಾಂಡೆ ಹಾಕಿ ತೆಗೆದರೆ ಎಲ್ಲ ಬಿಳಿ ಬಿಳಿ ಬಂತಂತೆ. ಅಂಗಡಿಗೆ ಫೋನು ಹಚ್ಚಿದರೆ, ದೀಪ ಹತ್ತಿದಾಗ ಉಪ್ಪು ಹಾಕಿದಿರಾ ಎಂದು ಕೇಳಿದರಂತೆ. ಒಂದು ಪಾಕೀಟು ತಂದು ಸುರಿದಳಂತೆ. ನಾಲ್ಕೈದು ಸಲ ತೊಳೆದ ಮೇಲೆ ಎಲ್ಲ ಮೊದಲಿನ ಹಾಗೆ.

"ಅಷ್ಟ ಏನ?" ಎಂದಳು ರೇವವ್ವ.

"ಅಷ್ಟ ರೀ ಅತ್ತ್ಯಾರ. ನಾನೂ ಆ ದೀಪ ನೋಡಿದ್ದೆ. ನಿಂತು ಒಂದ ಮಾತ ಕೇಳಲಿಲ್ಲ," ಎಂದು ಶಾಂಭವಿ ನೆಲಕ್ಕೆ ಕೂತು ಅತ್ತಳು.

ರೇವವ್ವ ಅಳಲಿಲ್ಲ. ಸೊಸೆಯ ತಲೆಯ ಮೇಲೆ ಬಲಗೈ ಇಟ್ಟು, ಸಾಲೆಗೆ ಹೋಗುವುದನ್ನು ಬಿಡಬೇಡ ಎಂದಳು. ಒಂದು ಪಾಕೀಟು ಉಪ್ಪು. ಯಾರಿಗೆ ಬೈಯುತ್ತೀರಿ? ಗಡಿಬಿಡಿಯಲ್ಲಿ ಚಹಾ ಕುಡಿದು ಹೋದವನಿಗೆ ಬೈಯಲೇ? ಬಸ್ಸಿಗೆ ಓಡಿದ ಹುಡುಗಿಗೆ ಬೈಯಲೇ? ಆ ಗಂಡಸರಿಬ್ಬರಿಗೆ ಬೈಯಬಹುದು, ಬೈದೂ ಆಯಿತು, ಅದರಿಂದ ಬೆರಳು ಬಿಚ್ಚುವುದಿಲ್ಲ.

ಆಕೆಗೆ ಉಳಿದದ್ದು ಒಂದೇ ಚಿಂತೆ. ಮಠದ ಅಯ್ಯನವರನ್ನು ಕೇಳಿಸಿದರು. ಬಲಗೈಯಲ್ಲಿ ಹಿಡಿಯವ್ವ, ಶಿವನಿಗೆ ಎಡ ಬಲ ಎಲ್ಲಿಯದು ಎಂದು ಅವರು ಮಮತೆಯಿಂದಲೇ ಹೇಳಿ ಕಳಿಸಿದರು. ಹಿಡಿದು ನೋಡಿದಳು. ಬಲಗೈಯಲ್ಲಿ ಲಿಂಗವಿದ್ದರೆ ನೀರೆರೆಯುವುದು ಯಾವ ಕೈ? ಮಡಚಿದ ಎಡಗೈಗೆ ತಂಬಿಗೆ ನಿಲ್ಲಲಿಲ್ಲ, ಒಂದು ಪತ್ರಿ ಎತ್ತಲು ಬರಲಿಲ್ಲ. ಬಟ್ಟೆಯ ಮೇಲೆ ಇಡುವುದು ಆಕೆಗೆ ಇನ್ನು ಬೇಡವಾಗಿತ್ತು. ಅದು ವಾಸಿಯಾಗುವ ಕೈಗಾಗಿ ಕಾಯುವ ಕಾಲದ ಪೂಜೆ. ಇನ್ನು ಕಾಯುವುದು ಯಾತಕ್ಕೆ?

ಒಂದು ಮುಂಜಾನೆ ಆಕೆ ಮಿಂದು ಬಂದು, ಕರಡಿಗೆಯನ್ನು ಬಲಗೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತಿದ್ದಳು. ಶಂಕ್ರಪ್ಪ ತನ್ನ ಪೂಜೆ ಮುಗಿಸಿ ಎದ್ದವನು ನಿಂತು ನೋಡಿದ. ಕೈ ಕೊಯ್ದ ದಿನದಿಂದ ಅವನ ಜೋರು ಇಳಿದುಹೋಗಿತ್ತು. ಬಂದು ಎದುರಿಗೆ ಕೂತ. ಅಂಗೈ ಚಾಚಿದ. ಜೀವಮಾನದಲ್ಲಿ ಹೆಂಡತಿಯ ಕೆಲಸಕ್ಕೆಂದು ಆ ಕೈ ಚಾಚಿದ್ದು ಅದೇ ಮೊದಲು.

"ನನ್ನ ಕೈಯಾಗ ಇಡು. ನಾ ಹಿಡಕೋತೀನಿ, ನೀ ನೀರ ಎರಿ," ಎಂದ.

ರೇವವ್ವ ಆ ಅಂಗೈ ನೋಡಿದಳು. ಅರವತ್ತೈದು ದಾಟಿದ ಮನುಷ್ಯನ ಅಂಗೈ, ಒಂದು ಸೀಳಿಲ್ಲ, ಮೆತ್ತಗೆ ಕೆಂಪಗೆ ಇತ್ತು. ಒಬ್ಬರ ಲಿಂಗ ಇನ್ನೊಬ್ಬರ ಕೈಗೆ ಹೋಗುವುದಿಲ್ಲ ಎಂಬುದು ಅವನಿಗೂ ಗೊತ್ತಿದ್ದದ್ದೇ. ಗೊತ್ತಿದ್ದೂ ಚಾಚಿದ್ದ. ಆಕೆಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ಕರುಣೆಯೂ ಬರಲಿಲ್ಲ.

"ಇವತ್ತಿಂದು ಬಿಡ್ರಿ," ಎಂದಳು. "ನಾ ಸತ್ತಾಗ ನನ್ನ ಕುಂಡ್ರಿಸಿ ಮಣ್ಣ ಕೊಡ್ತೀರಲ್ರಿ, ಆವಾಗ ಎಡಗೈಯಾಗ ಲಿಂಗ ಇಡಬೇಕಲಾ. ನಂದು ಎಲ್ಲಿ ಇಡ್ತೀರಿ?"

ಶಂಕ್ರಪ್ಪ ಚಾಚಿದ ಕೈಯನ್ನು ಹಿಂದೆ ತೆಗೆದುಕೊಳ್ಳುವುದನ್ನೂ ಮರೆತು ಕೂತ. ಆಕೆ ಕರಡಿಗೆಯನ್ನು ಬಿಚ್ಚದೆಯೇ ಕೊರಳಿಗೆ ಹಾಕಿಕೊಂಡು, ರೊಟ್ಟಿಯ ಹೊತ್ತಾಯಿತೆಂದು ಒಳಗೆ ಹೋದಳು.